ಗಾಯ ಮಾಗಿದ ಮೇಲಿನ ಬದುಕು ಯಾರ ಹೊಣೆ?

2009ರ ಜೂನ್ ತಿಂಗಳಲ್ಲಿ ಮುಂಬೈಯ ಆರ್ಥರ್ ರೋಡ್ ಜೈಲಿನ ಆವರಣದಲ್ಲಿದ್ದ ವಿಶೇಷ ನ್ಯಾಯಾಲಯಕ್ಕೆ ಹತ್ತು ವರ್ಷದ ಹುಡುಗಿಯೊಬ್ಬಳು ಊರುಗೋಲಿನ ಆಸರೆಯಲ್ಲಿ ನಡೆದು ಬಂದಳು. ಹಿಂದಿನ ವರ್ಷ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ ರೈಲು ನಿಲ್ದಾಣದಲ್ಲಿ ಗುಂಡು ಹಾರಿಸಿದವನು ಇಲ್ಲಿದ್ದಾನೆಯೇ ಎಂಬ ಪ್ರಶ್ನೆಗೆ ಅವಳು ಅಜ್ಮಲ್ ಕಸಬ್‌ನನ್ನು ಗುರುತಿಸಿ ತೋರಿಸಿದಳು. ದೇವಿಕಾ ರೋಟವಾನ್ ಎಂಬ ಆ ಹುಡುಗಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ಮೊಕದ್ದಮೆಯ ಅತಿ ಕಿರಿಯ ಸಾಕ್ಷಿ ಎಂದು ಜನ ಅವಳನ್ನು ಕೊಂಡಾಡಿದರು.

ನೂರಾರು ಸಾಕ್ಷಿಗಳ ಹೇಳಿಕೆಯ ಬಲದ ಮೇಲೆ 2010ರ ಮೇ 6ರಂದು ಕಸಬ್‌ಗೆ ಮರಣದಂಡನೆಯಾಯಿತು. 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ದಾಳಿ ನಡೆದ ನಾಲ್ಕು ವರ್ಷದೊಳಗೆ ಅವನ ಮೇಲಿನ ಮೊಕದ್ದಮೆ ಕೊನೆ ಮುಟ್ಟಿತ್ತು.

ಆದರೆ 2020ರಲ್ಲಿ ದೇವಿಕಾ ಮತ್ತೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬೀಳುವ ಸ್ಥಿತಿಯಲ್ಲಿದ್ದೇವೆ, ಆರ್ಥಿಕವಾಗಿ ಹಿಂದುಳಿದವರ ವಸತಿ ಯೋಜನೆಯಲ್ಲಿ ಒಂದು ಮನೆ ಕೊಡಿ, ಓದಿಗೆ ನೆರವಾಗಿ ಎಂದು ಅವರು ಬಾಂಬೆ ಹೈಕೋರ್ಟಿಗೆ ಅರ್ಜಿ ಹಾಕಿದರು. ಪರಿಗಣಿಸಿ ಎಂದು ಕೋರ್ಟ್ ಹೇಳಿತು, ಸರ್ಕಾರ ಒಪ್ಪಲಿಲ್ಲ, ಅವರು ಮತ್ತೊಮ್ಮೆ ಅರ್ಜಿ ಹಾಕಿದರು. ಇದನ್ನು ಮಾನವೀಯ ದೃಷ್ಟಿಯಿಂದ ನೋಡಬೇಕು ಎಂದು 2024ರಲ್ಲಿ ನ್ಯಾಯಪೀಠ ಸರ್ಕಾರಕ್ಕೆ ಒತ್ತಿ ಹೇಳಬೇಕಾಯಿತು.

ಅಪರಾಧಿಗೆ ಶಿಕ್ಷೆ ಕೊಡಿಸಲು ಮಗುವಿನ ಮಾತನ್ನು ನೆಚ್ಚಿಕೊಂಡ ದೇಶಕ್ಕೆ, ಆ ಮಗು ಸ್ವಂತ ಕಾಲ ಮೇಲೆ ನಿಲ್ಲುವ ತನಕ ಹೊಣೆ ಇರಬೇಕಲ್ಲವೇ? ನಮ್ಮ ಕಾನೂನುಗಳು ಸಾವಿಗೆ ಪರಿಹಾರ ಲೆಕ್ಕ ಹಾಕುವುದನ್ನು ಕಲಿತಿವೆ. ಬದುಕುಳಿದ ಮಗುವಿನ ಮುಂದಿನ ಹದಿನೈದು ವರ್ಷಗಳ ಲೆಕ್ಕ ಹಾಕುವುದನ್ನು ಇನ್ನೂ ಕಲಿತಿಲ್ಲ. ಹಾಗೇಕೆ, ಮತ್ತು ಇದನ್ನು ಸರಿಪಡಿಸುವುದು ಎಷ್ಟು ಸುಲಭ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಸ್ಪತ್ರೆಯಿಂದ ಹೊರಬಂದ ಮೇಲೆ

ಮುಂಬೈ ದಾಳಿಯಲ್ಲಿ ಹತ್ತು ಮಂದಿ ಭಯೋತ್ಪಾದಕರು 166 ಜನರನ್ನು ಕೊಂದರು. ಅವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತದ್ದು ಆ ರೈಲು ನಿಲ್ದಾಣವೊಂದರಲ್ಲೇ. ತಾಜ್ ಹೋಟೆಲಿನ ಹೊಗೆ ಮೂರು ದಿನ ಟಿವಿಯಲ್ಲಿ ಕಂಡಿತು. ನಿಲ್ದಾಣದಲ್ಲಿ ಬಿದ್ದವರು ಹೆಚ್ಚಿನವರು ದೂರದೂರಿನ ರೈಲಿಗೆ ಕಾಯುತ್ತಿದ್ದ ಸಾಮಾನ್ಯ ಜನ. ಒಂಬತ್ತು ವರ್ಷದ ದೇವಿಕಾ ಅಪ್ಪ ಮತ್ತು ತಮ್ಮನ ಜೊತೆ ಪುಣೆಗೆ ಹೋಗಲು ಬಂದಿದ್ದಳು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಗುಂಡು ಬಲಗಾಲಿಗೆ ಹೊಕ್ಕಿತು. ಹಲವು ಶಸ್ತ್ರಚಿಕಿತ್ಸೆಗಳಾದವು. ಚೇತರಿಸಿಕೊಳ್ಳಲು ಕುಟುಂಬ ರಾಜಸ್ಥಾನದ ತಮ್ಮೂರಿಗೆ ಹೋಗಿದ್ದಾಗ, ಸಾಕ್ಷಿ ಹೇಳಲು ಬರುವಿರಾ ಎಂದು ಮುಂಬೈಯಿಂದ ಪೊಲೀಸರ ಕರೆ ಬಂತು. ಅಪ್ಪ, ಮಗಳು ಇಬ್ಬರೂ ಒಪ್ಪಿದರು.

ಆ ಒಪ್ಪಿಗೆಗೆ ಅವರು ತೆತ್ತ ಬೆಲೆಯನ್ನು ದೇವಿಕಾ ನಂತರದ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ. ಇವಳನ್ನು ಸೇರಿಸಿಕೊಂಡರೆ ಭಯೋತ್ಪಾದಕರು ನಮ್ಮ ಮೇಲೂ ಬಂದಾರು ಎಂಬ ಭಯದಿಂದ ಶಾಲೆಯವರು ಪ್ರವೇಶ ನಿರಾಕರಿಸಿದರು. ಕೊನೆಗೆ ಶಾಲೆ ಸಿಕ್ಕಿದಾಗ ಸಹಪಾಠಿಗಳು ಅವಳನ್ನು ‘ಕಸಬ್‌ನ ಮಗಳು’ ಎಂದು ಕರೆದು ಕಾಡಿದರು. ಒಣಹಣ್ಣಿನ ವ್ಯಾಪಾರ ಮಾಡುತ್ತಿದ್ದ ತಂದೆಯ ಜೊತೆ ವ್ಯವಹರಿಸಲು ಇತರ ವ್ಯಾಪಾರಿಗಳು ಹಿಂಜರಿದರು, ದುಡಿಮೆ ನಿಂತುಹೋಯಿತು. ನೆಂಟರಿಷ್ಟರು ಮದುವೆ ಮುಂಜಿಗಳಿಗೆ ಕರೆಯುವುದನ್ನೂ ಬಿಟ್ಟರು. ಕೆಲ ವರ್ಷಗಳ ನಂತರ ಅವಳಿಗೆ ಕ್ಷಯರೋಗ ತಗುಲಿತು.

ಗುಂಡು ಹಾರಿಸಿದವನು ಜೈಲಿನಲ್ಲಿದ್ದಾಗ, ಆ ಬಳಿಕ ಅವನು ಸತ್ತ ಮೇಲೆ, ಈ ಹುಡುಗಿಯನ್ನು ಹಿಂಡಿದ್ದು ನಮ್ಮ ನಿಮ್ಮಂಥ ಜನ. ಅವರು ಕೆಟ್ಟವರೆಂದಲ್ಲ, ಹೆದರಿದ್ದರು. ಆ ಹೆದರಿಕೆಯ ಭಾರ ಮಾತ್ರ ಒಂದು ಮಗುವಿನ ಹೆಗಲ ಮೇಲೆ ಬಿತ್ತು.

ಮನಸ್ಸಿನೊಳಗೆ ನಡೆಯುವುದೇನು?

ಇಂಥ ಘಟನೆಯ ನಂತರ ಮಗುವಿಗೆ ನಿದ್ದೆ ಬಾರದಿರುವುದು, ಕೆಟ್ಟ ಕನಸು ಬೀಳುವುದು, ಜನಜಂಗುಳಿ ಕಂಡರೆ ಬೆವರುವುದು ಕಾಯಿಲೆಯಲ್ಲ. ಅಪಾಯ ಕಂಡ ಮಿದುಳು ಕಾವಲಿಗೆ ನಿಂತಿದೆ, ಅಷ್ಟೆ. ಸುರಕ್ಷಿತ ವಾತಾವರಣ ಸಿಕ್ಕರೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ಆ ಕಾವಲು ತಾನಾಗಿ ಸಡಿಲಗೊಳ್ಳುತ್ತದೆ. ಒಂದು ಪಾಲು ಜನರಲ್ಲಿ ಅದು ಸಡಿಲಗೊಳ್ಳುವುದೇ ಇಲ್ಲ. ಒಂದು ತಿಂಗಳು ದಾಟಿದರೂ ಘಟನೆ ಕಣ್ಣೆದುರು ಮರುಕಳಿಸುತ್ತಿದ್ದರೆ, ಅದನ್ನು ನೆನಪಿಸುವ ಜಾಗ, ಮಾತು, ಮನುಷ್ಯರಿಂದ ತಪ್ಪಿಸಿಕೊಳ್ಳುತ್ತಿದ್ದರೆ, ಸಣ್ಣ ಸದ್ದಿಗೂ ಮೈ ಬೆಚ್ಚುತ್ತಿದ್ದರೆ, ದಿನದ ಬದುಕು ಇದರಿಂದ ಕುಸಿದಿದ್ದರೆ ವೈದ್ಯರು ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಪಿಟಿಎಸ್‌ಡಿ ಎಂಬ ಹೆಸರಿನಲ್ಲಿ ನೀವು ಕೇಳಿರಬಹುದು.

ಮಕ್ಕಳಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಎಂಟು ವರ್ಷದ ಮಗು ಮತ್ತೆ ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಲು ಬಿಡುವುದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ಓಡಿಬಂದು ಅಮ್ಮನ ಸೆರಗು ಹಿಡಿಯುತ್ತದೆ. ದೀಪಾವಳಿಯ ಪಟಾಕಿಗೆ ಮಂಚದಡಿ ಸೇರುತ್ತದೆ. ಆಟಿಕೆಗಳನ್ನು ಸಾಲಾಗಿ ಮಲಗಿಸಿ ಅದೇ ಘಟನೆಯನ್ನು ಮತ್ತೆ ಮತ್ತೆ ಆಡುತ್ತದೆ. ಹದಿಹರೆಯದವರಾದರೆ ಸಿಡುಕು, ಮೌನ, ಅಂಕಗಳ ಕುಸಿತ. ಮನೆಯವರು ‘ಹಟ ಜಾಸ್ತಿಯಾಯಿತು’ ಎಂದುಕೊಂಡರೆ, ಮೇಷ್ಟ್ರು ‘ಓದಿನಲ್ಲಿ ಗಮನವಿಲ್ಲ’ ಎಂದು ಬರೆದು ಕಳಿಸುತ್ತಾರೆ.

ಚಿಕಿತ್ಸೆ ಇದೆ, ಫಲವೂ ಕೊಡುತ್ತದೆ. ತರಬೇತಿ ಪಡೆದ ಆಪ್ತಸಮಾಲೋಚಕರು ಮಗುವಿನ ವೇಗಕ್ಕೆ ತಕ್ಕಂತೆ, ಸುರಕ್ಷಿತ ಜಾಗದಲ್ಲಿ, ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಲು ಕಲಿಸುವ ವಿಧಾನಕ್ಕೆ ಗಟ್ಟಿಯಾದ ಆಧಾರಗಳಿವೆ. ಆದರೆ ಘಟನೆಯಾದ ದಿನವೇ ‘ಏನಾಯಿತು, ಎಲ್ಲ ಹೇಳು’ ಎಂದು ಕೆದಕುವುದರಿಂದ ಒಳ್ಳೆಯದಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ಗಮನಿಸಿ, ಕೇಳಿಸಿಕೊಳ್ಳಿ, ಬೇಕಾದ ನೆರವಿನ ಜೊತೆ ಬೆಸೆಯಿರಿ. ಹೇಳಿಸುವ ಒತ್ತಾಯ ಅದರಲ್ಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಸಂಶೋಧನೆಗಳಲ್ಲಿ ಪದೇ ಪದೇ ಕಂಡುಬಂದಿದೆ. ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಕುಸಿಯುತ್ತಾರೆ ಎಂಬುದು ದಾಳಿಯ ತೀವ್ರತೆಯ ಮೇಲೆ ಎಷ್ಟು ನಿಂತಿದೆಯೋ, ದಾಳಿಯ ನಂತರ ಸಿಗುವ ಸಾಮಾಜಿಕ ಆಸರೆಯ ಮೇಲೂ ಅಷ್ಟೇ ನಿಂತಿದೆ. ಮಗು ಮತ್ತೆ ಶಾಲೆಗೆ ಹೋಗುವುದು, ಗೆಳತಿಯರ ಜೊತೆ ಡಬ್ಬಿ ಹಂಚಿಕೊಳ್ಳುವುದು, ಮುಂದಿನ ತಿಂಗಳ ಬಾಡಿಗೆಗೆ ಅಪ್ಪ ಪರದಾಡದಿರುವುದು ಇವೇ ಮನಸ್ಸಿಗೆ ಮದ್ದು. ಹಾಗಾಗಿ ಶಾಲೆಯ ಬಾಗಿಲು ಮುಚ್ಚಿದಾಗ ಅವಮಾನವಾದದ್ದು ಮಾತ್ರವಲ್ಲ, ಗುಣವಾಗುವ ದಾರಿಯೂ ಮುಚ್ಚಿತು. ಮನೆ, ಶಾಲೆ, ಮನಸ್ಸು ಎಂದು ನಾವು ಬೇರೆ ಬೇರೆ ಇಲಾಖೆಗಳಿಗೆ ಹಂಚಿಟ್ಟಿರುವುದು ಆ ಮಗುವಿನ ಪಾಲಿಗೆ ಒಂದೇ.

ನಮ್ಮ ಕಾನೂನು ಏನನ್ನು ಎಣಿಸುತ್ತದೆ?

ಭಯೋತ್ಪಾದನೆ, ಕೋಮು ಹಿಂಸೆ ಮತ್ತು ನಕ್ಸಲ್ ಹಿಂಸೆಯ ಸಂತ್ರಸ್ತರಿಗಾಗಿ ಕೇಂದ್ರ ಗೃಹ ಸಚಿವಾಲಯದ ಯೋಜನೆಯೊಂದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆಗ 3 ಲಕ್ಷ ರೂಪಾಯಿ ಇದ್ದ ಮೊತ್ತ 2016ರಲ್ಲಿ 5 ಲಕ್ಷಕ್ಕೇರಿತು. ಇದು ಸಿಗುವುದು ಎರಡು ಸಂದರ್ಭಗಳಲ್ಲಿ: ಸಾವು ಸಂಭವಿಸಿದರೆ, ಇಲ್ಲವೇ ಶೇ 50ಕ್ಕಿಂತ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯವಾದರೆ. ಗುಂಡು ತಗುಲಿ, ಹಲವು ಸಲ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಊರುಗೋಲು ಬಿಟ್ಟು ನಡೆಯಲು ಕಲಿತ ಮಗು ಈ ಅಳತೆಗೋಲಿಗೆ ದಕ್ಕುವುದಿಲ್ಲ. ಚೆನ್ನಾಗಿ ಗುಣವಾದದ್ದೇ ಅವಳಿಗೆ ಮುಳುವಾಗುತ್ತದೆ.

ಹಿಂಸೆಯಲ್ಲಿ ತಬ್ಬಲಿಗಳಾದ ಮಕ್ಕಳ ಓದಿಗೆ ನೆರವಾಗಲು ಗೃಹ ಸಚಿವಾಲಯದ ಅಧೀನದಲ್ಲಿ ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನವಿದೆ. ಅದು ನೋಡುವುದು ತಂದೆ ತಾಯಿ ಅಥವಾ ಮನೆಗೆ ದುಡಿಯುವವರು ಸತ್ತಿದ್ದಾರೆಯೇ, ಶಾಶ್ವತವಾಗಿ ಅಶಕ್ತರಾಗಿದ್ದಾರೆಯೇ ಎಂಬುದನ್ನು. ಗಾಯ ಮಗುವಿಗೇ ಆಗಿ, ಅಪ್ಪ ಬದುಕಿದ್ದು, ಆದರೆ ಜನರ ಭಯದಿಂದ ಅವರ ವ್ಯಾಪಾರ ಮುಳುಗಿದ್ದರೆ? ಆ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವೇ ಇಲ್ಲ.

ಮೂರನೆಯದು ಸಂತ್ರಸ್ತರ ಪರಿಹಾರ ಯೋಜನೆ. ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮಿನಡಿ 2009ರ ಡಿಸೆಂಬರ್ 31ರಿಂದ ಇದು ಬಂತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಆಗಿದೆ. ಇದರಡಿ ಪ್ರತಿ ರಾಜ್ಯವೂ ಪರಿಹಾರ ಯೋಜನೆ ಮಾಡಬೇಕು. ಕರ್ನಾಟಕ 2011ರಲ್ಲಿ ಮಾಡಿದೆ. ಅಪರಾಧಿ ಪತ್ತೆಯಾಗದಿದ್ದರೂ ಸಂತ್ರಸ್ತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ತುರ್ತು ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ. ಇದು ಒಳ್ಳೆಯ ಕಾನೂನು. ಎಷ್ಟು ಜನರಿಗೆ ಇದರ ಸುಳಿವಿದೆ ಎಂಬುದೇ ಚಿಂತೆ. ಆದರೆ ಇದೂ ಕೊಡುವುದು ಒಂದು ಸಲದ ಮೊತ್ತ.

ಸಾಕ್ಷಿಗಳ ವಿಷಯಕ್ಕೆ ಬಂದರೆ, 2009ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಸಾಕ್ಷಿ ರಕ್ಷಣಾ ಯೋಜನೆಯೇ ಇರಲಿಲ್ಲ. ಮಹೇಂದರ್ ಚಾವ್ಲಾ ಪ್ರಕರಣದಲ್ಲಿ 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಅಂಥದೊಂದು ಯೋಜನೆಗೆ ಕಾನೂನಿನ ಬಲ ಕೊಟ್ಟಿತು. ಬೆದರಿಕೆಯ ಪ್ರಮಾಣ ನೋಡಿ ಪೊಲೀಸ್ ಕಾವಲು, ಊರು ಬದಲಾವಣೆ, ಗುರುತು ಮರೆಮಾಚುವಿಕೆ ಇವೆಲ್ಲ ಅದರಲ್ಲಿವೆ. ಒಂದು ಸಲಕ್ಕೆ ಮೂರು ತಿಂಗಳ ತನಕ ರಕ್ಷಣೆ ಕೊಡಬಹುದು. ಮಗುವೂ ಸಾಕ್ಷಿ ಹೇಳಬಹುದು ಎಂದು ನಮ್ಮ ಸಾಕ್ಷ್ಯ ಕಾನೂನು ಮೊದಲಿನಿಂದಲೂ ಒಪ್ಪಿದೆ, ಪ್ರಶ್ನೆ ಅರ್ಥವಾಗಿ ಸಮಂಜಸ ಉತ್ತರ ಕೊಡಬಲ್ಲ ಶಕ್ತಿಯಿದ್ದರೆ ಸಾಕು. ಆದರೆ ಸಾಕ್ಷಿ ಹೇಳಿದ ಮಗುವನ್ನು ಶಾಲೆಯವರು ಹೊರಗಿಟ್ಟರೆ ಅದು ಈ ಯೋಜನೆಯ ಕಣ್ಣಿಗೆ ಬೆದರಿಕೆ ಎನಿಸುವುದಿಲ್ಲ.

ಮಹಾರಾಷ್ಟ್ರ ಸರ್ಕಾರ ದೇವಿಕಾಗೆ ಏನೂ ಕೊಡಲಿಲ್ಲ ಎಂದರೆ ತಪ್ಪಾಗುತ್ತದೆ. ಒಟ್ಟು 13.26 ಲಕ್ಷ ರೂಪಾಯಿ ಕೊಟ್ಟಿರುವುದಾಗಿ ಅದು ಹೈಕೋರ್ಟಿಗೆ ತಿಳಿಸಿತ್ತು. ಅದರ ದೊಡ್ಡ ಪಾಲು ಬಂದದ್ದು ದಾಳಿಯಾಗಿ ವರ್ಷಗಳು ಕಳೆದ ಮೇಲೆ, ಮಾನವೀಯ ನೆಲೆಯಲ್ಲಿ. ಇಂಥ ಮೊತ್ತ ಆಸ್ಪತ್ರೆ, ಬಾಡಿಗೆ, ಸಾಲಗಳಲ್ಲಿ ಕರಗಲು ಎಷ್ಟು ಹೊತ್ತು ಬೇಕು ಎಂಬುದು ದುಡಿಮೆ ನಿಂತ ಯಾವ ಮನೆಗೂ ಗೊತ್ತು. ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುತ್ತಾರಲ್ಲ, ದಾಳಿಯ ನಷ್ಟವೂ ಹಾಗೆಯೇ ವರ್ಷಗಟ್ಟಲೆ ತೊಟ್ಟಿಕ್ಕುತ್ತದೆ. ಪರಿಹಾರವನ್ನು ಒಂದೇ ದಿನ ಕೊಟ್ಟು ಕೈತೊಳೆದುಕೊಂಡರೆ ಅದು ನಷ್ಟದ ಸ್ವಭಾವಕ್ಕೇ ಹೊಂದುವುದಿಲ್ಲ.

ಬೇರೆಯವರು ಹೇಗೆ ಮಾಡಿದ್ದಾರೆ?

ಫ್ರಾನ್ಸ್‌ನಲ್ಲಿ ಮೊದಲ ಮಹಾಯುದ್ಧದ ತಬ್ಬಲಿಗಳಿಗಾಗಿ 1917ರಲ್ಲಿ ಒಂದು ಕಾನೂನು ಮಾಡಿದರು. ಅಂಥ ಮಕ್ಕಳನ್ನು ರಾಷ್ಟ್ರವೇ ದತ್ತು ತೆಗೆದುಕೊಂಡಂತೆ ಸ್ಥಾನ ಕೊಟ್ಟು, ಅವರ ಓದು ಮುಗಿಯುವ ತನಕ ಬೆನ್ನಿಗೆ ನಿಲ್ಲುವ ವ್ಯವಸ್ಥೆ ಅದು. 1990ರಲ್ಲಿ ಅದನ್ನು ಭಯೋತ್ಪಾದನೆಯ ಸಂತ್ರಸ್ತರಿಗೂ ವಿಸ್ತರಿಸಿದರು. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಷ್ಟೇ ಅಲ್ಲ, ದಾಳಿಯಲ್ಲಿ ಸ್ವತಃ ಗಾಯಗೊಂಡ 21 ವರ್ಷದೊಳಗಿನವರೂ ಈ ಸ್ಥಾನಕ್ಕೆ ಅರ್ಹರು. ಪರಿಹಾರಕ್ಕೆಂದು 1986ರ ಕಾನೂನಿನಡಿ ಪ್ರತ್ಯೇಕ ನಿಧಿಯಿದೆ. ಮನೆ, ವಾಹನದಂಥ ಸ್ವತ್ತಿನ ವಿಮೆ ಮಾಡಿಸುವ ಪ್ರತಿಯೊಬ್ಬರೂ ಅದಕ್ಕೆ ಒಂದು ಸಣ್ಣ ಮೊತ್ತ ಸಲ್ಲಿಸುತ್ತಾರೆ. ಯಾರ ಮೇಲಾದರೂ ಎರಗಬಹುದಾದ ಕೇಡಿನ ಭಾರವನ್ನು ಎಲ್ಲರೂ ಸೇರಿ ಹೊರುವ ಏರ್ಪಾಡು ಇದು.

ನಾರ್ವೆಯಲ್ಲಿ 2011ರ ಜುಲೈ 22ರಂದು ಉಟೋಯಾ ದ್ವೀಪದ ಯುವಜನ ಶಿಬಿರದ ಮೇಲೆ ನಡೆದ ದಾಳಿಯಲ್ಲಿ 69 ಮಂದಿ ಸತ್ತರು. ಬದುಕುಳಿದ ಸುಮಾರು 500 ಮಂದಿಯಲ್ಲಿ ಬಹಳಷ್ಟು ಜನ ಹದಿಹರೆಯದವರು, ದೇಶದ ಮೂಲೆ ಮೂಲೆಯಿಂದ ಬಂದವರು. ನೆರವು ಬೇಕಾದವರು ಬಂದು ಕೇಳಲಿ ಎಂದು ಸರ್ಕಾರ ಕಾಯಲಿಲ್ಲ. ಪ್ರತಿಯೊಬ್ಬರ ಊರಿನ ಸ್ಥಳೀಯ ಆಡಳಿತ ಅವರಿಗೊಬ್ಬ ಸಂಪರ್ಕ ವ್ಯಕ್ತಿಯನ್ನು ನೇಮಿಸಿ, ಕನಿಷ್ಠ ಒಂದು ವರ್ಷ ತಾನಾಗಿಯೇ ವಿಚಾರಿಸುತ್ತಿರಬೇಕು ಎಂದು ಸೂಚಿಸಿತು. ಇವರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಂಶೋಧಕರು ಎರಡು ವಿಷಯ ಕಂಡರು. ದಾಳಿಯ ಮರುವರ್ಷ ಇವರ ಅಂಕಗಳು ಇಳಿದವು, ಗೈರುಹಾಜರಿ ಏರಿತು. ಕೆಲವರಿಗೆ ಒಂದು ವರ್ಷದ ನೆರವು ಸಾಲಲಿಲ್ಲ, ತೊಂದರೆ ಹಲವು ವರ್ಷಗಳ ತನಕ ಉಳಿಯಿತು. ಅಷ್ಟು ಸಿರಿವಂತ ದೇಶದಲ್ಲೇ ಹೀಗಾದರೆ, ಚೆಕ್ ಕೊಟ್ಟು ಮರೆಯುವ ಕಡೆ ಏನಾಗಬೇಕು ಯೋಚಿಸಿ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ

2010ರ ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ, 2013ರ ಅದೇ ದಿನ ಮಲ್ಲೇಶ್ವರದಲ್ಲಿ, 2014ರ ಡಿಸೆಂಬರ್ 28ರಂದು ಚರ್ಚ್ ಸ್ಟ್ರೀಟ್‌ನಲ್ಲಿ, 2022ರ ನವೆಂಬರ್ 19ರಂದು ಮಂಗಳೂರಿನ ಆಟೊದಲ್ಲಿ, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಸ್ಫೋಟಗಳಾಗಿವೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಕೊಲೆಯಾದ 26 ಮಂದಿಯಲ್ಲಿ ಕನ್ನಡನಾಡಿನಿಂದ ಪ್ರವಾಸಕ್ಕೆ ಹೋದವರೂ ಇದ್ದರು. ಆ ಕುಟುಂಬಗಳ ಮಕ್ಕಳು ಇಂದು ನಮ್ಮ ನಡುವೆಯೇ ಬೆಳೆಯುತ್ತಿದ್ದಾರೆ. ಐದು ವರ್ಷದ ನಂತರ ಅವರು ಹೇಗಿದ್ದಾರೆ ಎಂದು ವಿಚಾರಿಸುವ ಕೆಲಸ ಯಾವ ಅಧಿಕಾರಿಯ ಪಾಲಿಗೆ ಬಂದಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ.

ಇದಕ್ಕೆ ಬೇಕಾದ ಪರಿಣತಿ ನಮ್ಮಲ್ಲಿ ಇಲ್ಲವೆಂದಲ್ಲ. ಭೋಪಾಲ್ ಅನಿಲ ದುರಂತ, ಗುಜರಾತ್ ಭೂಕಂಪ, 2004ರ ಸುನಾಮಿ ಇವುಗಳ ನಂತರ ನೊಂದವರ ಮನಸ್ಸಿಗೆ ಚಿಕಿತ್ಸೆ ತಲುಪಿಸಿದ ಅನುಭವ ಬೆಂಗಳೂರಿನ ನಿಮ್ಹಾನ್ಸ್‌ಗಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ರಾಷ್ಟ್ರೀಯ ಕೇಂದ್ರವೂ ಅದೇ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಹೊಸ ಕಾಯ್ದೆಗೆ ಕಾಯಬೇಕಿಲ್ಲ

ಮೊದಲನೆಯದು ಶಾಲೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದು, ಮಾನಸಿಕ ಹಿಂಸೆ ಕೊಡಬಾರದು ಎನ್ನುತ್ತದೆ. ಅದರಲ್ಲಿ ‘ಅವಕಾಶವಂಚಿತ ಗುಂಪು’ ಯಾವುದೆಂದು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಭಯೋತ್ಪಾದನೆಯಲ್ಲಿ ಗಾಯಗೊಂಡ, ಹೆತ್ತವರನ್ನು ಕಳೆದುಕೊಂಡ ಅಥವಾ ಸಾಕ್ಷಿ ಹೇಳಿದ ಮಕ್ಕಳನ್ನು ಆ ಪಟ್ಟಿಗೆ ಸೇರಿಸಲು ಶಾಸನಸಭೆಯ ಮುಂದೆ ಮಸೂದೆಯನ್ನೂ ತರಬೇಕಿಲ್ಲ.

ಎರಡನೆಯದು ಹೊಣೆ ಹೊರುವ ವ್ಯಕ್ತಿ. 2015ರ ಬಾಲನ್ಯಾಯ ಕಾಯ್ದೆ ಸಶಸ್ತ್ರ ಸಂಘರ್ಷ, ನಾಗರಿಕ ಗಲಭೆಗಳಿಗೆ ಸಿಕ್ಕಿದ ಮಕ್ಕಳನ್ನು ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು’ ಎಂದು ಪರಿಗಣಿಸುತ್ತದೆ. ಭಯೋತ್ಪಾದನೆಗೆ ಸಿಕ್ಕಿದ ಮಕ್ಕಳನ್ನೂ ಈ ಕಣ್ಣಿನಿಂದಲೇ ನೋಡುವಂತೆ ಪ್ರತಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಸರ್ಕಾರ ಸ್ಪಷ್ಟ ಸೂಚನೆ ಕೊಡಲಿ. ಆ ಮಗುವಿಗೆ ಒಬ್ಬ ಸಂಪರ್ಕ ಅಧಿಕಾರಿ ಇರಲಿ. ಒಂದು ತಿಂಗಳು, ಆರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಮನೆಗೆ ಹೋಗಿ ಓದು, ಆರೋಗ್ಯ, ಮನೆಯ ದುಡಿಮೆ ಮೂರನ್ನೂ ವಿಚಾರಿಸಿ ಒಂದೇ ಕಡತದಲ್ಲಿ ದಾಖಲಿಸಲಿ.

ಮೂರನೆಯದು ಹಣ. ಕೋವಿಡ್‌ನಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ 2021ರಲ್ಲಿ ಬಂದ ಪಿಎಂ ಕೇರ್ಸ್ ಯೋಜನೆಯನ್ನು ನೆನಪಿಸಿಕೊಳ್ಳಿ. ಶಾಲೆಯ ಖರ್ಚು, 18 ತುಂಬುವ ತನಕ 5 ಲಕ್ಷ ರೂಪಾಯಿ ಆರೋಗ್ಯ ವಿಮೆ, 18ರಿಂದ 23ರ ತನಕ ತಿಂಗಳ ನೆರವು, 23ನೇ ವಯಸ್ಸಿಗೆ 10 ಲಕ್ಷ ರೂಪಾಯಿ ಹೀಗೆ ಮಗು ದೊಡ್ಡದಾಗುವ ದಾರಿಯುದ್ದಕ್ಕೂ ನೆರವನ್ನು ಹರಡಿದ್ದಾರೆ. ಮಗುವಿನ ಕೈಯನ್ನು 23 ವರ್ಷದ ತನಕ ಹಿಡಿಯುವುದು ನಮ್ಮ ಆಡಳಿತಕ್ಕೆ ಗೊತ್ತಿದೆ ಎನ್ನುವುದಕ್ಕೆ ಇದೇ ಸಾಕ್ಷಿ. ಅದೇ ಚೌಕಟ್ಟನ್ನು ಭಯೋತ್ಪಾದನೆಯಿಂದ ನೊಂದ ಮಕ್ಕಳಿಗೆ ವಿಸ್ತರಿಸಿದರೆ ಬೊಕ್ಕಸಕ್ಕೆ ಹೊರೆಯಾಗುವಷ್ಟು ಸಂಖ್ಯೆ ಅವರದ್ದಲ್ಲ. ಜೊತೆಗೆ ಶೇ 50ರ ಅಂಗವೈಕಲ್ಯದ ಷರತ್ತನ್ನು ಮಕ್ಕಳ ಮಟ್ಟಿಗಾದರೂ ಕೇಂದ್ರ ಸರ್ಕಾರ ಕೈಬಿಡಬೇಕು.

ನಾಲ್ಕನೆಯದು ನಮ್ಮದೇ ಪಾಲು. ಪ್ರತಿ ನವೆಂಬರ್‌ನಲ್ಲಿ ಕ್ಯಾಮೆರಾ ಹಿಡಿದು ಹೋಗುವವರು ‘ಆ ರಾತ್ರಿ ಏನು ಕಂಡೆ?’ ಎಂದು ಕೇಳುವ ಬದಲು ‘ಈ ವರ್ಷ ನಿನಗೆ ಏನು ಬೇಕಿತ್ತು, ಸಿಕ್ಕಿತೇ?’ ಎಂದು ಕೇಳಲಿ. ದೇವಿಕಾ ಪದವಿ ಮುಗಿಸಿದ್ದಾರೆ, ಪೊಲೀಸ್ ಅಧಿಕಾರಿಯಾಗಿ ಭಯೋತ್ಪಾದನೆಯ ವಿರುದ್ಧ ಹೋರಾಡುವ ಆಸೆ ಇಟ್ಟುಕೊಂಡಿದ್ದಾರೆ. ಅದು ಅವರ ಎದೆಗಾರಿಕೆ. ಆದರೆ ಎಲ್ಲ ಮಕ್ಕಳೂ ವೀರರಾಗಬೇಕು ಎಂದು ನಾವು ಬಯಸಕೂಡದು. ಸ್ವಾತ್ ಕಣಿವೆಯಲ್ಲಿ ಗುಂಡೇಟು ತಿಂದು ನೊಬೆಲ್ ಪ್ರಶಸ್ತಿಯ ತನಕ ಹೋದ ಮಲಾಲಾ ಯೂಸುಫ್‌ಝೈ ಜಗತ್ತಿಗೆ ಒಬ್ಬರೇ. ಸಾಮಾನ್ಯವಾಗಿ ಓದಿ, ಸಾಮಾನ್ಯ ಕೆಲಸ ಹಿಡಿದು, ಯಾರಿಗೂ ಸ್ಫೂರ್ತಿಯಾಗದೆ ನೆಮ್ಮದಿಯಿಂದ ಬಾಳುವ ಹಕ್ಕು ಕೂಡ ನೊಂದ ಮಗುವಿಗಿದೆ.

ನಿಮ್ಮ ಮಗುವಿನ ತರಗತಿಗೆ ಅಂಥ ಮಗುವೊಂದು ಸೇರಿದರೆ ಅದನ್ನು ಹುಟ್ಟುಹಬ್ಬಕ್ಕೆ ಕರೆಯಿರಿ. ಅಂಥ ಕುಟುಂಬ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಕೊಡಿ. ನಿಮ್ಮ ಶಾಸಕರು ಸಿಕ್ಕಾಗ, ಭಯೋತ್ಪಾದನೆಗೆ ಸಿಕ್ಕಿದ ಮಕ್ಕಳ ಪಟ್ಟಿ ನಮ್ಮ ರಾಜ್ಯದಲ್ಲಿ ಯಾರ ಬಳಿ ಇದೆ, ಅವರು ಈಗ ಯಾವ ತರಗತಿಯಲ್ಲಿದ್ದಾರೆ ಎಂದು ಕೇಳಿ. ಆ ಪ್ರಶ್ನೆಗೆ ಒಬ್ಬ ಅಧಿಕಾರಿ ಹೆಸರು ಹಿಡಿದು ಉತ್ತರ ಹೇಳುವಂತಾದರೆ, ಮನೆಗಾಗಿ ಕೋರ್ಟಿಗೆ ಹೋಗುವ ಗತಿ ಇನ್ನೊಂದು ಮಗುವಿಗೆ ಬರುವುದಿಲ್ಲ.